ಕದಿರಪ್ಪ ಮಾವ ಕೈಯಾರೆ ತಕ್ಕೊಂಡ ತಾಂಬೂಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಕದಿರಪ್ಪ ಮಾವನ ವಿಷಯ ಎತ್ತಿದರಂತೂ ಕೇಳಲೇಬೇಡಿ. ಸ್ವಂತ ಮಾವನೇನಲ್ಲ, ಬೂದಿಕೋಟೆ ಕಡೆಯ ನಮ್ಮೂರಲ್ಲಿ ಪಕ್ಕದ ಮನೆಯೋನು. ವಯಸ್ಸಿದ್ದಾಗ ಚಿನ್ನದ ಗಣಿಗೆ ಇಳಿದ, ಗಣಿ ಮುಚ್ಚಿದ ಮೇಲೆ ಹಸು ಕಟ್ಟಿ ಡೇರಿಗೆ ಹಾಲು ಹಾಕ್ಕೊಂಡು ಬದುಕಿದ. ಬೈಯೋದು ತೆಲುಗಲ್ಲಿ, ಗಣಿ ಸ್ನೇಹಿತರು ಸಿಕ್ಕರೆ ತಮಿಳು, ಹಸುಗಳ ಹತ್ತಿರ ಮಾತ್ರ ಕನ್ನಡ.

ಊರಲ್ಲಿ ಯಾರ ಮದುವೆಯಾದರೂ ಮೊದಲ ತಾಂಬೂಲ ಅವನ ಕೈಗೇ ಹೋಗೋದು. ಜಗಳ ಬಿದ್ದರೆ ಅರಳಿಕಟ್ಟೆ ಮೇಲೆ ಕೂತು ಎರಡೂ ಕಡೆ ಕೇಳುತ್ತಿದ್ದ. ತಪ್ಪು ಮಾಡಿದವನ ಕೈಯಿಂದ ಎದುರಿನವನಿಗೆ ಎಲೆ ಅಡಿಕೆ ಕೊಡಿಸುತ್ತಿದ್ದ. ತಕ್ಕೊಂಡರೆ ಜಗಳ ಮುಗೀತು, ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ನಮ್ಮೂರಿನ ಕಟ್ಟು ಅದು.

ನಮ್ಮೂರ ಪಕ್ಕದಲ್ಲಿ ಒಬ್ಬ ರಾಜ್ಯಸಭಾ ಮೆಂಬರ ತೋಟ ಇದೆ. ಅವರ ಸಂಸದರ ನಿಧಿಯಿಂದ ನಮ್ಮೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಬಂತು ಅಂದರೆ, ಅವರ ತೋಟದ ಗೇಟಿನ ಒಳಗೆ ಬಂತು! ಹೊರಗೆ ‘ಸಾರ್ವಜನಿಕರಿಗಾಗಿ’ ಅಂತ ಬೋರ್ಡು, ಗೇಟಿಗೆ ಬೀಗ, ಒಳಗೆ ನಾಯಿ. ನಾವು ಮಾತ್ರ ಅದೇ ಹಾಳು ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡೀಬೇಕು. ಆ ನೀರು ಕುಡಿದು ಕುಡಿದು ಮಾವನ ಹೆಂಡತಿ ಚಿಕ್ಕವೆಂಕಟಮ್ಮತ್ತೆಗೆ ಮಂಡಿ ಮಡಚೋಕಾಗಲ್ಲ, ಮಕ್ಕಳ ಹಲ್ಲೆಲ್ಲ ಕಂದು.

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಅಲ್ಲಿಗೆ ಬರೋ ವಕೀಲರೊಬ್ಬರು, ರಾಜ್ಯಸಭೆಯಲ್ಲಿ ನೈತಿಕ ಸಮಿತಿ ಅಂತ ಇದೆ, ಮೆಂಬರು ತಪ್ಪು ನಡೆದುಕೊಂಡರೆ ಯಾರು ಬೇಕಾದರೂ ದೂರು ಕೊಡಬಹುದು ಅಂದರು. ನಾನು ಟೈಪ್ ಮಾಡಿದೆ, ಮಾವ ಸಹಿ ಹಾಕಿದ. “ನಮ್ ಕಟ್ಟೆ ತರಾನೇ ದಿಲ್ಲೀಲೂ ಒಂದು ಕಟ್ಟೆ ಐತೆ ಅನ್ನು” ಅಂತ ಖುಷಿಪಟ್ಟ.

ದೂರು ದಿಲ್ಲಿ ತಲುಪಿದ ಸುದ್ದಿ ಮೆಂಬರಿಗೆ ಸಿಕ್ಕಿರಬೇಕು. ಒಂದು ದಿನ ಬೆಳಿಗ್ಗೆ ಅವರೇ ಮಾವನ ಮನೆ ಬಾಗಿಲಿಗೆ ಬಂದರು. ಜೊತೆಗೆ ಅವರ ಕಡೆಯ ಚಲಪತಿ, ಕೈಯಲ್ಲಿ ತಾಂಬೂಲದ ತಟ್ಟೆ. ಮಗಳ ಮದುವೆ, ಊರ ಹಿರಿಯರು ಬರಲೇಬೇಕು ಅಂತ ಕೈ ಮುಗಿದರು. ಮಾವ ಎರಡೂ ಕೈ ಚಾಚಿ ತಕ್ಕೊಂಡ, ಕಣ್ಣಿಗೊತ್ತಿಕೊಂಡ. ಸಂಜೆ ಹೊತ್ತಿಗೆ ಚಲಪತಿ ಬಂಗಾರಪೇಟೆ ತುಂಬ ಸಾರಿಕೊಂಡು ಬಂದ: ಕದಿರಪ್ಪ ತಾಂಬೂಲ ತಕ್ಕೊಂಡ, ನೀರಿನ ಗಲಾಟೆ ರಾಜಿ ಆಯ್ತು!

ನನಗೆ ಮೈಯೆಲ್ಲ ಉರಿದುಹೋಯಿತು. “ಅಲ್ಲ ಮಾವ, ಕೈಯಾರೆ ಯಾಕೆ ತಕ್ಕೊಂಡೆ? ಅಲ್ಲೇ ಜಗಲಿ ಮೇಲೆ ಇಟ್ಟೋಗ್ರಿ ಅನ್ನಬಾರದಿತ್ತಾ?”

“ಮದ್ವೆ ಎಲೆ ಕಣಮ್ಮ ಸುಕನ್ಯ. ಬಾಗ್ಲಿಗೆ ಬಂದಿದ್ದನ್ನ ಬ್ಯಾಡ ಅನ್ನಕ್ಕಾಯ್ತದಾ?” ಅಂದ. ಮುಖ ಇಷ್ಟು ಚಿಕ್ಕದಾಗಿತ್ತು.

ಅಷ್ಟರಲ್ಲಿ ಸಮಿತಿಯಿಂದ ಕಾಗದ ಬಂತು. ದೂರು ನಿಮ್ಮದೇನಾ, ಅದಕ್ಕೆ ಈಗಲೂ ಬದ್ಧರಾ, ತಿಳಿಸಿ ಅಂತ. ಮಾವನಿಗೆ ಕೈಯೇ ಏಳಲಿಲ್ಲ. ತಾಂಬೂಲ ತಕ್ಕೊಂಡು ಮಾತು ಎತ್ತೋದು ಹೇಗೆ? ಬಿಟ್ಟರೆ ಊರಿಗೆ ನೀರಿಲ್ಲ. ಅತ್ತೆ ಒಂದೇ ಮಾತು ಹೇಳಿದಳು: “ಕಟ್ಟೆ ಮುಂದೆ ನಿಂತ್ಕೋ ಓಗು. ಬೇರೇರ್ನ ನಿಲ್ಸಿದ್ದೀಯಲ್ಲ.”

ನಿಂತ. ಊರೋರ ಮುಂದೆ ಉದ್ದಕ್ಕೆ ಅಡ್ಡಬಿದ್ದು, “ತಪ್ಪಾಗೋಯ್ತು. ನನ್ನ ಮಾತು ನಂಗೆ ವಾಪಸ್ ಕೊಡ್ರಪ್ಪಾ, ಅದ್ಕೆ ಏನ್ ದಂಡನೆ ಆಕ್ತೀರೋ ಆಕ್ರಿ” ಅಂದ. ಡೇರಿ ಅಧ್ಯಕ್ಷ ಜಯರಾಮಪ್ಪ ತೀರ್ಪು ಹೇಳಿದ: ಮಾತಾಡೋಕೆ ಅಡ್ಡಿಯಿಲ್ಲ. ಆದರೆ ಗೇಟು ತೆಗೆದು ಊರಿಗೆ ನೀರು ಬಿಡೋವರೆಗೂ ಕದಿರಪ್ಪನಿಗೆ ಮೊದಲ ತಾಂಬೂಲವಿಲ್ಲ, ಎಲ್ಲರದೂ ಆದಮೇಲೆ ಕೊನೆಗೆ. ಮಾವ ತಲೆ ಆಡಿಸಿದ. ಅವತ್ತೇ ಅಂಗಡಿಗೆ ಬಂದು ಸಮಿತಿಯ ಕಾಗದಕ್ಕೆ ಹೌದು ಅಂತ ಸಹಿ ಮಾಡಿದ.

ನಮ್ಮ ಕಟ್ಟೆಯಲ್ಲಿ ಒಂದು ಬೆಳಗಿನಲ್ಲಿ ಮುಗಿದ ಕೆಲಸ ದಿಲ್ಲಿಯಲ್ಲಿ ಎಳೀತಾನೇ ಹೋಯಿತು. ಮೆಂಬರು ಉತ್ತರಕ್ಕೆ ಟೈಮ್ ಕೇಳಿದರಂತೆ, ಕೊಟ್ಟರಂತೆ, ಮತ್ತೆ ಕೇಳಿದರಂತೆ. ಕೊನೆಗೆ ಬಂದ ಕಾಗದವನ್ನ ನಾನೇ ಓದಿ ಹೇಳಿದೆ. ಸದರಿಯವರ ಅವಧಿ ಮುಗಿದಿರುವುದರಿಂದ ಅವರೀಗ ಸದಸ್ಯರಲ್ಲ, ಆದ್ದರಿಂದ ಮುಂದಿನ ಕ್ರಮವಿಲ್ಲ.

“ತಪ್ಪಾಯ್ತು ಅಂತ ಯಾರ ಮುಂದೆ ಅಂದ್ರಂತೆ?” ಅಂತ ಕೇಳಿದ ಮಾವ.

“ಯಾರ ಮುಂದೂ ಇಲ್ಲ.”

ಹಾಲಿನ ಕ್ಯಾನು ತಕ್ಕೊಂಡು ಡೇರಿ ಕಡೆ ನಡೆದ. ಬೀಗ ಹಾಗೇ ಇತ್ತು, ಇವತ್ತಿಗೂ ಹಾಗೇ ಇದೆ.

ಮೊನ್ನೆ ಬಂಗಾರಪೇಟೆಯ ಛತ್ರದಲ್ಲಿ ಜಯರಾಮಪ್ಪನ ಮಗಳ ಮದುವೆ. ಆ ಮಾಜಿ ಮೆಂಬರು ಬಂದಿದ್ದರು, ಮುಂದಿನ ಸೋಫಾದಲ್ಲಿ ಕೂತಿದ್ದರು. ತಟ್ಟೆ ಬಂತು. ಜಯರಾಮಪ್ಪ, ತೀರ್ಪು ಹೇಳಿದ ಅದೇ ಜಯರಾಮಪ್ಪ, ಹಲ್ಲು ಕಿರಿದು ಮೊದಲ ತಾಂಬೂಲ ಅವರ ಕೈಗಿಟ್ಟ! ನಾನು ತಡೆಯಲಾರದೆ ಎದ್ದು ಹೋಗಿ, “ಏನ್ ಜಯರಾಮಪ್ಪಣ್ಣ, ನಾಚಿಕೆ ಆಗಲ್ವಾ ನಿನಗೆ?” ಅಂದುಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಅದೇ ತಟ್ಟೆ ಹಿಡಿದು ಸೀದಾ ಮಾವನ ಹತ್ತಿರ ಬಂದ.

“ಅವರ್ದೇ ಮುಗ್ದೋಯ್ತು ಕದಿರಪ್ಪ. ನಿಂದೂ ಮುಗೀತು ಅನ್ಕೋ. ತಕ್ಕೋ.”

“ಗೇಟ್ ತೆಗುದ್ರಾ?”

ಜಯರಾಮಪ್ಪ ಸೋಫಾ ಕಡೆ ಒಂದು ಸಲ ನೋಡಿ, ತಟ್ಟೆಯನ್ನ ಇನ್ನೂ ಮುಂದಕ್ಕೆ ಚಾಚಿದ.

ಮಾವ ಎದ್ದು ಹೋಗಿ ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತ. ಛತ್ರ ತುಂಬಾ ಜನ, ತಟ್ಟೆ ಅಲ್ಲಿಗೆ ಬರೋ ಹೊತ್ತಿಗೆ ಎಲೆ ಖಾಲಿ, ಒಂದು ಅಡಿಕೆ ಮಾತ್ರ ಉಳಿದಿತ್ತು. ಮಾವ ಅದನ್ನೇ ಎರಡೂ ಕೈಯಲ್ಲಿ ತಕ್ಕೊಂಡು ಕಣ್ಣಿಗೊತ್ತಿಕೊಂಡ.