ರೇಷನ್ ಕಾರ್ಡಿನಲ್ಲಿ ಬಿಟ್ಟುಬಂದ ಊರು

"ಮೇಡಂ, ನೀವು ಇಲ್ಲಿ ಇಲ್ಲರಿ."

ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ಚಹಾ ಕುಡಿಯುತ್ತ, ಕಂದಾಯ ನಿರೀಕ್ಷಕರು ಹೀಗೆಂದರು. ನನ್ನ ಕೈಗಳನ್ನು ನಾನೇ ನೋಡಿಕೊಂಡೆ.

ಚನ್ನರಾಯಪಟ್ಟಣದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕು. ಹತ್ತು ವರ್ಷ ಇಲ್ಲಿ ನೆಲೆಸಿದವರ ಮಕ್ಕಳಿಗೆ ಕಲ್ಯಾಣ ಕರ್ನಾಟಕದ ಸ್ಥಳೀಯರೆಂಬ ಪ್ರಮಾಣಪತ್ರ ಸಿಗುತ್ತದೆ. ಅದಿದ್ದರೆ ಮಗಳು ಚಂದನಾಗೆ ಸರ್ಕಾರಿ ಶುಲ್ಕದಲ್ಲಿ ನರ್ಸಿಂಗ್ ಸೀಟು. ಇಲ್ಲದಿದ್ದರೆ ಆ ಓದು ನಮಗೆ ಎಟುಕದು. ನನ್ನ ಗಂಡ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಬಂದು ಹತ್ತು ವರ್ಷ ಎಂದೋ ದಾಟಿದೆ. ಆದರೆ ಚೊಚ್ಚಲ ಹೆರಿಗೆಗೆ ಎಲ್ಲರಂತೆ ತವರಿಗೆ ಹೋದೆ. ಮಗಳು ಹುಟ್ಟಿದ್ದು ಅಲ್ಲಿ. ರೇಷನ್ ಕಾರ್ಡು, ಮತದಾರರ ಪಟ್ಟಿ ಎರಡರಲ್ಲೂ ನಮ್ಮ ಹೆಸರು ಚನ್ನರಾಯಪಟ್ಟಣದ ಅತ್ತೆಯ ಮನೆಯಲ್ಲೇ ಉಳಿದಿದೆ. ಎಂದಾದರೂ ವಾಪಸು ಹೋಗುವವರು ತಾನೇ?

"ಸ್ಕೂಲೆಲ್ಲಾ ಇಲ್ಲೇ ಓದಿದ್ದಾಳಲ್ಲ ಸಾರ್," ಎಂದೆ.

"ಸಾಲಿ ಇಲ್ಲೇ ಅದರಿ. ಕಾಗದದಾಗ ಮನಿ ಎಲ್ಲಿ ಅದ?"

ನಾವು ಬಂದದ್ದು ಯಾವಾಗ ಎಂದು ನೆರೆಯವರನ್ನು ಕೇಳಿದರು. ಪಕ್ಕದ ಮನೆಯ ಶಹನಾಜ್ ಬೀ, "ನಮ್ಮ ರಫೀಕ್ ಆಗ ಅಂಬೆಗಾಲ್ ಇಡಾಕತ್ತಿದ್ದ. ಈಗ ಆಟೋ ಹೊಡೀತಾನ. ನೀವೇ ಲೆಕ್ಕ ಹಾಕ್ರಿ," ಎಂದರು.

"ಏ, ಎಲ್ಲಿ ಅಂಬೆಗಾಲು?" ಎದುರು ಮನೆಯ ಮಲ್ಲಪ್ಪ ತಡೆದರು. "ಆಗಲೇ ನನ್ನ ಸೈಕಲ್ಲಿನ ಗಾಳಿ ತೆಗೀತಿದ್ದ."

ಇಲ್ಲಿಗೆ ಬಂದ ದಿನ ಲಾರಿಯಿಂದ ಇಳಿದಾಗ ಅಂಗಾಲು ಸುಡುವ ಬಿಸಿಲು ಎಂದು ನಾನು. ಚಳಿ, ನಿನಗೆ ಕಂಬಳಿ ಹೊದಿಸಿದ್ದೆ ಎಂದು ಗಂಡ. ಆ ಬಿಸಿಲನ್ನು ನಿಮಗೆಲ್ಲ ಎಷ್ಟು ಸಲ ವರ್ಣಿಸಿದ್ದೇನೋ. ಈಗ ಅದನ್ನೂ ನಂಬಲಾರೆ.

"ಒಬ್ಬೊಬ್ಬರದು ಒಂದೊಂದು ಮಾತು," ನಿರೀಕ್ಷಕರು ಎದ್ದರು. "ಮೊದಲು ಅಲ್ಲಿ ಹೆಸರು ತಗಸ್ರಿ. ಎರಡೂರಾಗ ಇರಾಕ ಬರಂಗಿಲ್ಲ."

ಅತ್ತೆಗೆ ಫೋನ್ ಮಾಡಿದೆ.

"ಸತ್ತೋರ ಹೆಸ್ರು ತೆಗೆಸ್ತಾರೆ ಕಣೇ. ನಿಮಗೇನಾಗಿದೆ?"

ಚಂದನಾ ಫೋನ್ ಕಸಿದುಕೊಂಡಳು.

"ಅಜ್ಜಿ, ತಗಸ್ರಿ. ನಾ ಇಲ್ಲಿಯಾಕಿ."

ಅತ್ತೆ, "ನಾಳೆ ನಿನ್ನ ಚಿಕ್ಕಪ್ಪನ್ನ ಕಳಿಸ್ತೀನಿ ಬಿಡು," ಎಂದರು. ಹಬ್ಬಕ್ಕೆ ಬರುತ್ತೀರಾ ಎಂದು ಎಂದಿನಂತೆ ಕೇಳಲಿಲ್ಲ.

ಹೆಸರು ಅಲ್ಲಿ ಹೋಯಿತು, ಇಲ್ಲಿ ಸೇರಿತು. ಮಲ್ಲಪ್ಪ, ಶಹನಾಜ್ ಬೀ ಒಂದೇ ಮಾತಿಗೆ ಬಂದು ಪಂಚನಾಮೆಗೆ ಸಹಿ ಹಾಕಿದರು. ಪ್ರಮಾಣಪತ್ರ ಬಂತು, ಸೀಟೂ ಸಿಕ್ಕಿತು. "ಈಗ ನಮ್ಮಾಕಿ ಆದ್ಲು ನೋಡ್ರಿ," ಎಂದು ಶಹನಾಜ್ ಬೀ ಬಟ್ಟಲು ತುಂಬ ಸಿಹಿ ಶಿರಾ ಕಳಿಸಿದರು. ಅದು ಮಗಳನ್ನು ಕುರಿತ ಮಾತು. ನಾನು ಅವರಿಗೆ ಇನ್ನೂ 'ಮೈಸೂರು ಕಡಿ ಅಕ್ಕ'.

ಮೊನ್ನೆ ಮಧ್ಯಾಹ್ನ ಚಂದನಾ ಮೊಬೈಲ್ ನೋಡುತ್ತ, "ಅವ್ವಾ, ನಿಮ್ಮೂರಾಗ ಭಾಳ ಮಳಿ ಅಂತ," ಎಂದಳು.

ನಿಮ್ಮೂರು.

ಮಳೆ ಎಂದು ಎದ್ದು ಹೊರಗೋಡಿ ಒಣಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡೆ. ತೋಳಿಗೆ ಕಾದ ಬಟ್ಟೆಯ ಬಿಸಿ ತಾಗಿದಾಗಲೇ ತಲೆಯೆತ್ತಿ ನೋಡಿದ್ದು. ಶಹಾಪುರದ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.