ಕೇಬಲ್ ಮೇಷ್ಟ್ರು
ನಮ್ಮ ಪ್ರಯೋಗಾಲಯದ ಹಳೇ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಬೇಕೆಂದರೆ ಕೇಬಲ್ ಮೇಷ್ಟ್ರೇ ಬರಬೇಕು. ವೈದ್ಯರು ಗಂಟಲು ನೋಡುವ ಹಾಗೆ ಅದರ ಹಿಂದೆ ಕೇಬಲ್ ಸಿಕ್ಕಿಸುವ ಸೀರಿಯಲ್ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡುತ್ತಾರೆ. "ಇವನ ಬಾಯಿ ಅವನ ಕಿವಿಗೆ ಹೋಗ್ಬೇಕು ಕಣ್ರೀ, ಬಾಯಿಗೆ ಬಾಯಿ ಕೊಟ್ರೆ ಜಗಳವೇ" ಎಂದು ತಂತಿಗಳನ್ನು ಅದಲುಬದಲು ಮಾಡುತ್ತಾರೆ. ಪರದೆಯ ಮೇಲೆ ಅಕ್ಷರ ಕಲಸಿಹೋದರೆ, ತಕ್ಕಡಿ ಮಾತಾಡುವ ವೇಗ ಸಿಗುವ ತನಕ ಕಂಪ್ಯೂಟರಿನಲ್ಲಿ ಒಂದೊಂದೇ ಅಂಕಿ ಹಾಕಿ ನೋಡುತ್ತಾರೆ. "ಹೊಸದು ತಗೊಂಡ್ರಾಯ್ತಲ್ಲ" ಎಂದವರನ್ನು ತಿಂದುಹಾಕುವ ಹಾಗೆ ನೋಡಿ, "ಅದು ಮಾತಾಡ್ತಾನೇ ಇದೆ, ನಮಗೆ ಕೇಳಿಸ್ಕೊಳ್ಳೋಕೆ ಬರ್ತಿಲ್ಲ ಅಷ್ಟೆ" ಎನ್ನುತ್ತಾರೆ. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಮಾತನ್ನೂ ಅವರೇ ಆಡಿ ಮುಗಿಸುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಹೆಂಡತಿಗೆ ಫೋನು. ಪಾರ್ಶ್ವವಾಯು ಹೊಡೆದ ಮೇಲೆ ಆಕೆಗೆ "ಊಟ ಆಯ್ತಾ" ಎನ್ನಲು ಒಂದು ನಿಮಿಷ ಬೇಕು. ಮೇಷ್ಟ್ರು ಫೋನನ್ನು ಕಿವಿಗೊತ್ತಿಕೊಂಡು ಕಾಯುತ್ತಾರೆ. ಒಂದಕ್ಷರವನ್ನೂ ತಾವು ಮುಗಿಸಿಕೊಡುವುದಿಲ್ಲ.