ಪಟ್ಟಾ ಬಿಚ್ಚಿದ ಚಂಪಾಷಷ್ಠಿ

ನಾಯಿ ಅಂದರೆ ನನಗೆ ಮೊದಲಿನಿಂದಲೂ ಪ್ರಾಣಭಯ. ಚಿಕ್ಕವಳಿದ್ದಾಗ ಧಾರವಾಡದಲ್ಲಿ ಒಂದು ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಹೊಕ್ಕಳ ಸುತ್ತ ಸೂಜಿ ಚುಚ್ಚಿಸಿಕೊಂಡ ಮೇಲೆ ಬಾಲ ಅಲ್ಲಾಡಿಸುವ ನಾಯಿಯನ್ನೂ ನಾನು ನಂಬುತ್ತಿರಲಿಲ್ಲ. ಅಂಥವಳನ್ನು ಹುಡುಕಿ ಹುಡುಕಿ ನಾಯಿಯನ್ನೇ ಪೂಜೆ ಮಾಡುವ ಮನೆಗೆ ಕೊಟ್ಟರು. ಹಣೆಬರಹ ಯಾರಪ್ಪನ ಮನೆಯದು! ನಮ್ಮ ಅತ್ತೆಯ ಮನೆದೇವರು ಮೈಲಾರಲಿಂಗ. ಆ ದೇವರ ಜೊತೆ ಸದಾ ನಾಯಿ ಇರುವುದರಿಂದ ಅವರಿಗೆ ನಾಯಿಯೂ ದೇವರೇ. ಹುಬ್ಬಳ್ಳಿಯ ದೇಶಪಾಂಡೆ ನಗರದ ಆ ಮನೆಯಲ್ಲಿ ಮೊದಲ ರೊಟ್ಟಿ ನಾಯಿಗೆ, ಆಮೇಲಿನದು ಮಗನಿಗೆ. ಸೊಸೆಯ ಪಾಳಿ ಯಾವಾಗ ಬರುತ್ತದೆಂದು ಯಾರೂ ಯೋಚಿಸಿದಂತಿರಲಿಲ್ಲ.

ಆ ಮಗ, ಅಂದರೆ ನಮ್ಮವರು, ಡಾಕ್ಟರಿಕೆ ಓದುವ ಹುಡುಗರಿಗೆ ಪಾಠ ಹೇಳುತ್ತಿದ್ದರು. ಹೃದಯ ಹೇಗೆ ಬಡಿಯುತ್ತದೆ, ರಕ್ತ ಹೇಗೆ ಏರಿಳಿಯುತ್ತದೆ ಎಂಬುದೇ ಅವರ ವಿಷಯ. ನಾನು ಮದುವೆಯಾಗಿ ಬಂದ ವರ್ಷವೇ ರಷ್ಯಾದವರು ಒಂದು ನಾಯಿಯನ್ನು ಲೋಹದ ಡಬ್ಬಿಯಲ್ಲಿ ಕೂಡಿಸಿ ಆಕಾಶಕ್ಕೆ ಹಾರಿಸಿದರು. ನಮ್ಮವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪತ್ರಿಕೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ತಾಯಿಗೆ ಹೇಳಿದರು.

"ಅವ್ವಾ, ಅಲ್ಲಿ ಮ್ಯಾಲ ಅದರ ಎದಿ ಬಡಿದದ್ದು ಇಲ್ಲಿ ನೆಲದ ಮ್ಯಾಲ ಕುಂತವರಿಗೆ ಗೊತ್ತಾಗತದ! ಮೈಗೆ ತಂತಿ ಹಚ್ಚ್ಯಾರ. ನಾಳೆ ಮನಷ್ಯಾ ಹೋಗಬೇಕಂದ್ರ ಅಲ್ಲಿ ಜೀವ ತಡೀತದೋ ಇಲ್ಲೋ ಮೊದಲ ತಿಳೀಬೇಕಲ್ಲ?"

"ತಿರುಗಿ ಯಾವಾಗ ಬರ್ತದ?" ಅಂದರು ಅತ್ತೆ.

ನಮ್ಮವರು ಪತ್ರಿಕೆ ಮಡಿಸಿದರು. "ಬರೂದಿಲ್ಲವಾ. ತರೂದು ಹ್ಯಾಂಗಂತ ಇನ್ನೂ ಅವರಿಗೆ ಗೊತ್ತಿಲ್ಲ."

ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಂಡರು. ಆ ದಿನದಿಂದ ನಮ್ಮ ನಾಯಿಗೆ ಹಾಕುವ ಮುಂಚೆ ಒಂದು ತುತ್ತು ಮಾಳಿಗೆಯ ಮೇಲೆ ಇಡತೊಡಗಿದರು, ಆಕಾಶದ ನಾಯಿಯ ಹೆಸರಿನಲ್ಲಿ. ಅದನ್ನು ಕಾಗೆ ತಿನ್ನುತ್ತಿತ್ತು.

ಕೆಲವು ದಿನಗಳಲ್ಲಿ ಆ ನಾಯಿ ಸತ್ತಿದೆ ಎಂಬ ಸುದ್ದಿ ಬಂತು. ಡಬ್ಬಿ ಮಾತ್ರ ಸುತ್ತುತ್ತಲೇ ಇತ್ತು. ಸಂಜೆ ಓಣಿಯವರೆಲ್ಲ ಮಾಳಿಗೆ ಹತ್ತಿ, ಚಲಿಸುವ ಚುಕ್ಕಿಯನ್ನು ಹುಡುಕುತ್ತಿದ್ದರು. ಅಗೋ ಅಲ್ಲಿ, ಇಗೋ ಇಲ್ಲಿ ಎಂದು ಕೈ ತೋರುತ್ತಿದ್ದರು. ನಾನು ಮಾತ್ರ ತಲೆ ಎತ್ತುತ್ತಿರಲಿಲ್ಲ. ಸತ್ತ ಪ್ರಾಣಿಯೊಂದು ದಿನವೂ ನಮ್ಮ ಮನೆಯ ಮೇಲೆ ಹಾದು ಹೋಗುತ್ತಿದೆ, ಅದನ್ನು ಇಳಿಸಿ ಮಣ್ಣು ಮಾಡುವವರು ಯಾರೂ ಇಲ್ಲ ಎಂಬುದೇ ನನ್ನ ತಲೆಯಲ್ಲಿ ಕೂತಿತ್ತು. ಒಣಗಿದ ಬಟ್ಟೆ ತರಲು ಸಹ ಸೂರ್ಯ ಮುಳುಗುವ ಮೊದಲೇ ಓಡುತ್ತಿದ್ದೆ. ನಮ್ಮವರು ನಗುತ್ತಿದ್ದರು. "ಧಾರವಾಡದವರು ಭಾಳ ನಾಜೂಕ," ಎಂದು ಅತ್ತೆಯೂ ಒಗ್ಗರಣೆ ಹಾಕುತ್ತಿದ್ದರು.

ಇಷ್ಟರಲ್ಲಿ ಚಂಪಾಷಷ್ಠಿ ಬಂತು. ಮೈಲಾರನ ಒಕ್ಕಲಿನವರಿಗೆ ಅದು ದೊಡ್ಡ ದಿನ. ಮಳೆಗಾಲದಿಂದ ತಿನ್ನದೆ ಬಿಟ್ಟಿದ್ದ ಬದನೆಕಾಯಿಯನ್ನು ಅಂದು ಸುಟ್ಟು ಭರ್ತ ಮಾಡಿ, ಸಜ್ಜೆ ರೊಟ್ಟಿಯೊಂದಿಗೆ ದೇವರಿಗೆ ತೋರಿಸಿ, ಮೊದಲು ನಾಯಿಗೆ ಉಣ್ಣಿಸಬೇಕು. ನಾಯಿಯ ಹಣೆಗೆ ಭಂಡಾರ, ಅಂದರೆ ದೇವರ ಅರಿಸಿನ, ಕೊರಳಿಗೆ ಚೆಂಡು ಹೂವಿನ ಮಾಲೆ. ಆದರೆ ನಮ್ಮ ನಾಯಿಯ ಕೊರಳಲ್ಲಿ ಚರ್ಮದ ಪಟ್ಟಾ ಇತ್ತು, ಅದಕ್ಕೆ ಮುನಸಿಪಾಲ್ಟಿಯ ಹಿತ್ತಾಳೆಯ ಬಿಲ್ಲೆ. ಚರ್ಮ ಮಡಿಗೆ ಬರುತ್ತದೆಯೇ? ಅತ್ತೆ ಒಂದು ಚಿಂದಿ ಹಿಡಿದು ಅದನ್ನು ಬಿಚ್ಚಿ, ಕಟ್ಟಿಗೆಯ ತುದಿಯಿಂದ ಎತ್ತಿ ಗೂಟಕ್ಕೆ ತಗುಲಿಹಾಕಿದರು. ಪ್ರತಿ ವರ್ಷವೂ ಹಾಗೆಯೇ ಮಾಡುತ್ತಿದ್ದರಂತೆ. "ಏಳಕೋಟಿ ಏಳಕೋಟಿಗೋ ಛಾಂಗಮಲೋ" ಎಂದು ಮೈಲಾರನ ಘೋಷ ಕೂಗಿ ನಾಯಿಗೆ ಉಣ್ಣಿಸಿದರು. ನಾನು ದೂರದ ಕಂಬ ಹಿಡಿದುಕೊಂಡೇ ಕೈಮುಗಿದೆ.

ನಮ್ಮವರಿಗೆ ಆ ದಿನ ರಜೆ ಇರಲಿಲ್ಲ. ಅಷ್ಟೇ ಅಲ್ಲ, ಅವರು ಹಂಬಲಿಸಿ ಏರ್ಪಡಿಸಿದ ಪಾಠ ಅಂದೇ ಮಧ್ಯಾಹ್ನ ಇತ್ತು. ಆಕಾಶದ ನಾಯಿಯಿಂದ ರಷ್ಯಾದವರು ಏನು ಕಲಿತಿರಬಹುದು ಎಂಬುದನ್ನು ಹುಡುಗರಿಗೆ ಕಣ್ಣಾರೆ ತೋರಿಸುವುದು. ಒಂದು ನಾಯಿಗೆ ಮತ್ತಿನ ಔಷಧ ಕೊಟ್ಟು ಹಲಗೆಗೆ ಕಟ್ಟುತ್ತಾರೆ. ಹಲಗೆಯನ್ನು ತಲೆಕೆಳಗಾಗಿ ಓರೆ ಮಾಡಿದರೆ ರಕ್ತದ ಒತ್ತಡ ಹೇಗೆ ಬದಲಾಗುತ್ತದೆ ಎಂಬುದನ್ನು, ಹೊಗೆ ಹಿಡಿಸಿ ಕಪ್ಪಾಗಿಸಿದ ಕಾಗದದ ಮೇಲೆ ಒಂದು ಮುಳ್ಳು ಗೀರುತ್ತಾ ಹೋಗುತ್ತದೆ. ಪಾಠ ಮುಗಿದ ಮೇಲೆ ಆ ನಾಯಿಯನ್ನು ಎಬ್ಬಿಸುವುದಿಲ್ಲ. ಇದನ್ನೆಲ್ಲ ಹಿಂದಿನ ದಿನ ಅವರೇ ನನಗೆ, ಅತ್ತೆಯ ಕಿವಿಗೂ ಬೀಳುವಂತೆ, ಹೇಳಿದ್ದರು. ನಾಯಿಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದ್ದಕ್ಕೆ, "ಮುನಸಿಪಾಲ್ಟಿಯವರು ಬಿಲ್ಲಿ ಇಲ್ಲದ್ದನ್ನ ಹಿಡೀತಾರಲ್ಲ, ಅವು. ಹ್ಯಾಂಗೂ ಸಾಯೂವು," ಅಂದಿದ್ದರು.

ಉಂಡ ನಾಯಿ ಬೀದಿಗೆ ಹೋಯಿತು. ಅತ್ತೆ ಇನ್ನೂ ಪೂಜೆಯಲ್ಲಿದ್ದರು. ಓಣಿಯವರೆಲ್ಲ ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ಕೂಗಿದರು: "ಲಗೂ ಬರ್ರಿ! ನಿಮ್ಮ ನಾಯಿ ಹಿಡದ್ರು! ಹೂವಿನ ಮಾಲಿ ಸೈತ ಮುನಸಿಪಾಲ್ಟಿ ಗಾಡ್ಯಾಗ ಒಗದ್ರು!"

ನನ್ನ ಕಣ್ಣಿಗೆ ಕಂಡದ್ದು ಗೂಟದಲ್ಲಿದ್ದ ಪಟ್ಟಾ. ಅತ್ತೆಗೂ ಅದೇ ಕಂಡಿತು. ಅವರು ದೇವರ ಮುಂದೆ ಕುಳಿತಲ್ಲೇ ಕುಸಿದರು. "ನನ್ನ ಮಗನ ಕೈಲೇ ಆಗಬಾರದವಾ," ಅಂದರು. "ಬ್ಯಾರೆ ಏನರ ಆಗಲಿ. ಅವನ ಕೈಲೇ ದೇವರ ನಾಯಿ ಸಾಯಬಾರದು. ಹೋಗವಾ, ನೀ ಹೋಗು."

ಹೊಸ ಊರು. ಒಬ್ಬಳೇ ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ಪಟ್ಟಾ ಕೈಯಲ್ಲಿ ಹಿಡಿದು ಟಾಂಗಾ ಹತ್ತಿದೆ. ನಮ್ಮವರು ನಾಯಿಯ ಗುರುತು ಹಿಡಿಯಲಾರರೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ನಾಯಿಗೆ ಮತ್ತಿನ ಔಷಧ ಕೊಟ್ಟು, ಬಿಳಿ ಅರಿವೆ ಹೊದಿಸಿ, ಕೂದಲು ಬೋಳಿಸಿದ ಕುತ್ತಿಗೆಯ ಒಂದು ತುಣುಕನ್ನಷ್ಟೇ ಬಿಟ್ಟು, ಎಲ್ಲ ತಯಾರಾದ ಮೇಲೆಯೇ ಅವರನ್ನು ಕರೆಯುತ್ತಾರೆ ಎಂಬುದೂ ಅವರೇ ಹೇಳಿದ ಮಾತು. ಮೊದಲು ಮುನಸಿಪಾಲ್ಟಿಯ ಅಂಗಳಕ್ಕೆ ಹೋದೆ. ಜಾಲರಿಯ ಹಿಂದೆ ನಾಯಿಗಳು ಒಂದರ ಮೇಲೊಂದು ಬಿದ್ದು ಬೊಗಳುತ್ತಿದ್ದವು. ನನಗೆ ನಿಂತಲ್ಲೇ ಹೇಲು ಉಚ್ಚೆ ಆಗುವುದೊಂದು ಬಾಕಿ. ಆದರೂ ಜಾಲರಿಗೆ ಮುಖ ಹಚ್ಚಿ ಒಂದೊಂದನ್ನೂ ನೋಡಿದೆ. ನಮ್ಮದು ಇರಲಿಲ್ಲ.

"ಗಟ್ಟಿಮುಟ್ಟ ಇದ್ದವು ಕಾಲೇಜಿಗೆ ಹೋದ್ವು ನೋಡ್ರಿ," ಅಂದ ಅಲ್ಲಿಯವನು.

ಅಲ್ಲಿಂದ ಕಾಲೇಜಿಗೆ ಹೋದ ದಾರಿ ನನಗೆ ನೆನಪಿಲ್ಲ. ಟಾಂಗಾದವನಿಗೆ "ಹೊಡೀರಿ, ಹೊಡೀರಿ" ಎಂದು ಬೇಡಿಕೊಂಡದ್ದಷ್ಟೇ ನೆನಪು. ಪಡಸಾಲೆಯ ತುಂಬ ಔಷಧದ ಸಿಹಿ ನಾತ ತುಂಬಿತ್ತು. ಬಿಳಿ ಕೋಟಿನ ಹುಡುಗರು ಒಂದು ಕೋಣೆಯಲ್ಲಿ ಸುತ್ತುಗಟ್ಟಿ ನಿಂತಿದ್ದರು. ಅವರ ಸಂದಿನಲ್ಲಿ ಹಲಗೆ ಕಂಡಿತು, ಆಗಲೇ ಓರೆಯಾಗಿತ್ತು. ಬಿಳಿ ಅರಿವೆ, ಬೋಳಿಸಿದ ಕುತ್ತಿಗೆ. ಕರಿ ಕಾಗದದ ಮೇಲೆ ಮುಳ್ಳು ಸಣ್ಣಗೆ ಏರಿ ಇಳಿಯುತ್ತಿತ್ತು.

"ನಮ್ಮ ನಾಯಿರೀ!" ಎಂದು ಚೀರಿದೆ.

ಹುಡುಗರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ನಮ್ಮವರು ಬಂದು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಿಟಕಿಯ ಸರಳಿಗೆ ಸುತಳಿಯಿಂದ ಕಟ್ಟಿಹಾಕಿದ ನಮ್ಮ ನಾಯಿ, ಹರಿದ ಮಾಲೆಯ ಸಮೇತ ನಿಂತಿತ್ತು. ನನ್ನನ್ನು ಕಂಡು ಎರಡು ಕಾಲ ಮೇಲೆ ಎದ್ದಿತು. ಹೆದರಿಕೆ ಎಲ್ಲಿ ಹೋಗಿತ್ತೋ ಕಾಣೆ, ಮಣ್ಣಲ್ಲಿ ಕುಳಿತು ಅದನ್ನು ತಬ್ಬಿಕೊಂಡು ಗೊಳೋ ಎಂದು ಅಳತೊಡಗಿದೆ.

"ಬೊಗಳಿದ್ದಕ್ಕ ದನಿ ಗುರುತ ಹತ್ತಿತು," ಅಂದರು ನಮ್ಮವರು. "ಸೂಜಿ ಹಾಕಾಕತ್ತಿದ್ರು. ಓಡಿ ಬಂದೆ."

"ಮತ್ತ ಆ ಹಲಿಗಿ ಮ್ಯಾಲ ಇರೂದು?"

"ಬ್ಯಾರೇದು." ಅವರು ನನ್ನ ಮುಖ ನೋಡಲಿಲ್ಲ. "ಹುಡುಗರೆಲ್ಲ ಬಂದು ನಿಂತಿದ್ರು. ಇನ್ನೊಂದು ತರ್ರಿ ಅಂದೆ. ತಂದ್ರು. ಅರಿವಿ ಸರದಾಗ ನೋಡಿದೆ, ಅದರ ಹಣಿಗೂ ಭಂಡಾರ ಇತ್ತು."

ಅವರು ಮತ್ತೆ ಒಳಗೆ ಹೋದರು. ಮುಗಿಸಲೇಬೇಕಾಗಿತ್ತು.

ಮನೆಯಲ್ಲಿ ಅತ್ತೆ ನಾಯಿಗೆ ಆರತಿ ಎತ್ತಿದರು. ಮೈಲಾರ ಕಾಯ್ದ, ಮೈಲಾರ ಕಾಯ್ದ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ನಾನು ಹಲಗೆಯ ವಿಷಯ ಬಾಯಿ ಬಿಡಲಿಲ್ಲ. ಸಂಜೆ ಬಂದ ನಮ್ಮವರು ಚಹಾ ಬೇಡವೆಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತುಬಿಟ್ಟರು.

ಆಗ ಬೀದಿಯಲ್ಲಿ ಒಬ್ಬ ಹೆಂಗಸಿನ ದನಿ ಕೇಳಿಸಿತು. ಬಾ, ಬಾ, ಚ್ಚು ಚ್ಚು, ಎಂದು ಕರೆಯುತ್ತಾ ಬರುತ್ತಿದ್ದಳು. ನಮ್ಮ ಗೇಟಿನೊಳಗೆ ಮಾಲೆ ಹಾಕಿಕೊಂಡ ನಾಯಿ ಕಂಡಕೂಡಲೇ ಬಿರಬಿರನೆ ಓಡಿ ಬಂದಳು. ಹತ್ತಿರ ಬಂದು ನಿಧಾನವಾದಳು.

"ನಮ್ದೂ ಹಿಂಗ ಕಾಣತದ್ರಿ, ಹಣಿಗೆ ಭಂಡಾರ ಹಚ್ಚಿದ್ದೆ," ಅಂದಳು. "ಕಂಡಿರೇನ್ರಿ?"

"ಬರ್ತದ ತಗೋರಿ," ಅಂದರು ಅತ್ತೆ ಹುರುಪಿನಿಂದ. "ನಮ್ಮದು ಬರಲಿಲ್ಲೇನು? ಮೈಲಾರ ಎಲ್ಲಾರಿಗೂ ಇದ್ದಾನ."

ನಾನು ಪಡಸಾಲೆಯ ಕಡೆ ತಿರುಗಿ ನೋಡಿದೆ. ನಮ್ಮವರು ಎದ್ದು ಹೇಳಿಬಿಟ್ಟರೆ ಏನು ಗತಿ ಎಂಬ ಭಯ ಒಂದು ಕಡೆ. ಇವರು ಏಳದೆ ಹೀಗೆಯೇ ಕುಳಿತರೆ, ಇಂಥವರ ಜೊತೆ ಇಡೀ ಜನ್ಮ ಹೇಗೆ ತೆಗೆಯಲಿ ಎಂಬ ಭಯ ಇನ್ನೊಂದು ಕಡೆ. ಈ ಎರಡನೆಯದೇ ದೊಡ್ಡದಾಗಿತ್ತು.

ಅವರು ಎದ್ದರು. ಬರಿಗಾಲಲ್ಲೇ ಗೇಟಿನ ತನಕ ಹೋದರು.

"ಹುಡುಕಬ್ಯಾಡ್ರಿ ಅವ್ವಾರ," ಅಂದರು. "ಕಾಲೇಜಿಗೆ ತಂದಿದ್ರು. ನಾನ ಪಾಠಕ್ಕ ತಗೊಂಡೆ. ಈಗ ಇಲ್ಲರಿ ಅದು."

ಅತ್ತೆಯ ಕೈಯಲ್ಲಿದ್ದ ಸಂಜೆಯ ಆರತಿಯ ತಟ್ಟೆ ನೆಲಕ್ಕೆ ಬಿತ್ತು. ಆ ಹೆಂಗಸು ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡೆ. ಅವಳು ಗೇಟಿನ ಸರಳು ಹಿಡಿದುಕೊಂಡಳು.

"ಏನರ ತಿನ್ನಾಕ ಹಾಕಿದ್ರೇನ್ರಿ ಅದಕ್ಕ?" ಅಂದಳು. "ಮುಂಜಾನಿಂದ ಉಪಾಸ ಇತ್ರಿ. ನಾ ನೈವೇದ್ಯ ತರಾಕ ಒಳಗ ಹೋಗಿದ್ದೆ."

"ಇಲ್ಲರಿ," ಅಂದರು ನಮ್ಮವರು. "ಹಾಕಲಿಲ್ಲ."